ಹತ್ತು ನಿಯಾನ್ ಮೀನುಗಳ ಗ್ಯಾರಂಟಿ

ಪರದೆ ಬಟ್ಟೆಯ ವ್ಯಾಪಾರಿಯ ಲೆಕ್ಕದಲ್ಲಿ ಜಗತ್ತಿನಲ್ಲಿದ್ದದ್ದು ಎರಡೇ ಪಂಗಡ: ಗ್ಯಾರಂಟಿ ಕೊಡುವವರು, ಅದನ್ನು ನಂಬುವವರು. ಮೊದಲನೆಯ ಪಂಗಡದ ಏಕಮೇವ ಸದಸ್ಯ ತಾನೇ ಎಂಬುದು ಆತನ ದೃಢವಾದ ನಂಬಿಕೆ. "ಬಣ್ಣ ಬಿಡೋದಿಲ್ಲಮ್ಮ, ನನ್ನ ಗ್ಯಾರಂಟಿ" ಎಂದು ಎದೆ ಮುಟ್ಟಿಕೊಂಡು ಹೇಳಿದನೆಂದರೆ, ಆಮೇಲೆ ಬಣ್ಣ ಬಿಟ್ಟರೂ ಗಿರಾಕಿಯೇ 'ನನಗೇ ಒಗೆಯಲು ಬರಲಿಲ್ಲವೇನೋ' ಎಂದು ಸಂಕೋಚಪಡಬೇಕು. ಅಂಥ ನಾಲಿಗೆ.

ಆದರೆ ಅಂಗಡಿಯ ಶಟರ್ ಎಳೆದು ಮನೆಗೆ ಬಂದರೆ ಅದೇ ನಾಲಿಗೆ ಚಲಾವಣೆಯಿಲ್ಲದ ನಾಣ್ಯ. ಮನೆಯಲ್ಲಿದ್ದದ್ದು ಎರಡು ಕೋಣೆ. ಒಂದರಲ್ಲಿ ಗಂಡ ಹೆಂಡತಿ. ಇನ್ನೊಂದರಲ್ಲಿ ಬಟ್ಟೆಯ ಸ್ಯಾಂಪಲ್ ಪುಸ್ತಕಗಳು: ನೆಲದಿಂದ ಫ್ಯಾನಿನವರೆಗೆ, ಕಳೆದ ಹದಿನೆಂಟು ವರ್ಷಗಳಲ್ಲಿ ಯಾರೂ ಕೇಳದ ಎಲ್ಲ ಬಣ್ಣಗಳೂ ಅಲ್ಲಿ ಸುಖವಾಗಿ ಮಲಗಿದ್ದವು. ಹೆಂಡತಿಯ ತಾಯಿ ಮಾತ್ರ ನಡುಮನೆಯ ದಿವಾನದ ಮೇಲೆ ಮಲಗುತ್ತಿದ್ದರು.

"ಪುಸ್ತಕಕ್ಕೆ ಕೋಣೆ, ಅಮ್ಮನಿಗೆ ಹಾದಿಬದಿ" ಎಂದು ಹೆಂಡತಿ ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

"ಸ್ಯಾಂಪಲ್ ಅಂದ್ರೆ ಬಂಡವಾಳ ಕಣೇ" ಎಂದು ಆತನೂ ವಾರಕ್ಕೊಮ್ಮೆ ಅನ್ನುತ್ತಿದ್ದ. (ಅತ್ತೆ ಯಾವ ಖಾತೆಗೆ ಸೇರುತ್ತಾರೆಂದು ಆತ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟು ಬುದ್ಧಿ ಇತ್ತು.)

ಆ ದಿವಾನದ ಪಕ್ಕದಲ್ಲೇ ಹೆಂಡತಿಯ ಅಕ್ವೇರಿಯಂ. ಎರಡಡಿ ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಅವಳೇ ನೆಟ್ಟು, ಪುಟ್ಟ ಕತ್ತರಿಯಿಂದ ಎಲೆ ಸವರಿ ಬೆಳೆಸಿದ ಹಸಿರು ತೋಟ. ತೋಟದ ನಡುವೆ ಹತ್ತು ನಿಯಾನ್ ಮೀನುಗಳು. ಬೆಂಕಿಕಡ್ಡಿಗಿಂತ ಗಿಡ್ಡ, ಮೈಮೇಲೆ ನೀಲಿ ಗೆರೆ, ಹೊಟ್ಟೆಯ ಹಿಂದೆ ಕೆಂಪು. ದಂತವೈದ್ಯರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ದಿನವಿಡೀ ರೋಗಿಗಳ ಹೆಸರು ಕೂಗಿ ಸುಸ್ತಾಗಿ ಬಂದವಳು, ಸಂಜೆ ತೊಟ್ಟಿಯ ಮುಂದೆ ಕೂತು ಆ ಹತ್ತನ್ನೂ ಎಣಿಸಿದ ಮೇಲೆಯೇ ಚಪ್ಪಲಿ ಬಿಚ್ಚುತ್ತಿದ್ದಳು.

ವ್ಯಾಪಾರಿಯ ಕಣ್ಣಿಗೆ ಆ ತೊಟ್ಟಿ ಶುದ್ಧ ದಂಡ. ಇಷ್ಟೊಂದು ಗಾಜು, ಇಷ್ಟೊಂದು ಬೆಳಕು, ಎದ್ದು ಕಾಣುವ ಮಾಲೇ ಇಲ್ಲ! ಒಂದು ದಿನ ತಡೆಯಲಾಗದೆ ಮೀನಿನಂಗಡಿಗೆ ಹೋಗಿ ಒಂದು ಜೊತೆ ಏಂಜಲ್ ಮೀನು ತಂದೇಬಿಟ್ಟ. ಚಪ್ಪಟೆ ಮೈ, ನೆಟ್ಟಗೆ ಇಳಿದ ಕಪ್ಪು ಪಟ್ಟಿ, ಮೇಲೂ ಕೆಳಗೂ ಜೋಲುವ ರೆಕ್ಕೆ. ಕಿಟಕಿಗೆ ಇಳಿಬಿಟ್ಟ ಝಾಲರಿಯಂತೆ ನೀರಿನಲ್ಲಿ ತೂಗುತ್ತಿದ್ದವು. ಆತ ಮರುಳಾದದ್ದು ಆ ಕಟಿಂಗಿಗೆ.

"ಇದೇನ್ರೀ ಇದು?" ಹೆಂಡತಿ ಚಪ್ಪಲಿಯಲ್ಲೇ ನಿಂತಳು. "ಇವು ಅಂಗೈ ಅಗಲ ಬೆಳೀತಾವೆ. ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗ್ತಾವೆ. ನನ್ನ ನಿಯಾನ್ ನೋಡಿದ್ರೆ ಅವುಗಳ ಬಾಯಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿವೆ!"

"ಮುಖ ನೋಡೇ ಅದರದ್ದು. ಎಂಥಾ ಸಂಭಾವಿತ ಮುಖ!"

"ಮುಖ ನೋಡಿಯೇ ನಾವೂ ಒಪ್ಪಿದ್ದು" ಎಂದರು ಅತ್ತೆ ದಿವಾನದ ಮೇಲಿಂದ. ಆತ ಅಂಗಿಯ ಕಾಲರ್ ಸರಿಮಾಡಿಕೊಂಡ.

ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹದಿನೆಂಟು ವರ್ಷದ ಅಭ್ಯಾಸ. ಕೈ ತಾನಾಗಿ ಎದೆಗೆ ಹೋಯಿತು. "ಹತ್ತರಲ್ಲಿ ಒಂದೇ ಒಂದು ಕಡಿಮೆಯಾದ್ರೂ ಸ್ಯಾಂಪಲ್ ಕೋಣೆ ಖಾಲಿ ಮಾಡಿ ಅತ್ತೆಗೆ ಬಿಟ್ಟುಕೊಡ್ತೀನಿ. ನನ್ನ ಗ್ಯಾರಂಟಿ!"

"ಅಮ್ಮಾ, ಕೇಳಿಸ್ಕೊಂಡ್ಯಾ?"

"ಈ ಕಿವಿ ಚೆನ್ನಾಗಿದೆ ಕಣೇ."

ಮರುದಿನವೇ ಏಂಜಲ್ ಒಂದು ನಿಯಾನನ್ನು ತೊಟ್ಟಿಯ ತುಂಬ ಅಟ್ಟಾಡಿಸಿ ಅದರ ಬಾಲದ ತುದಿ ಹರಿದುಹಾಕಿತು. ಅದರ ಮಾರನೆಯ ದಿನ ಹೆಂಡತಿ ಕ್ಲಿನಿಕ್ಕಿಗೆ ಹೋದ ಮೇಲೆ ವ್ಯಾಪಾರಿ ತೊಟ್ಟಿಗೆ ಮೂಗು ಒತ್ತಿ ಎಣಿಸಿದ. ಒಂಬತ್ತು. ಮತ್ತೆ ಎಣಿಸಿದ. ಒಂಬತ್ತೇ. ಬಾಲ ಹರಿದದ್ದೇ ನಾಪತ್ತೆ. ಏಂಜಲ್‌ಗಳು ಪೂಜ್ಯರಂತೆ ಎಲೆಯ ಮರೆಯಲ್ಲಿ ನಿಂತು ಆತನನ್ನೇ ನೋಡುತ್ತಿದ್ದವು.

ಅಂಗಡಿಯಲ್ಲಿ ಒಂದು ಥಾನು ಬಟ್ಟೆ ಮುಗಿದರೆ ಏನು ಮಾಡುತ್ತಾರೆ? ಅಳುತ್ತಾರೆಯೇ? ಇನ್ನೊಂದು ತಂದಿಡುತ್ತಾರೆ. ಮಧ್ಯಾಹ್ನ ಊಟಕ್ಕೆ ಬಂದವನ ಅಂಗಿಯೊಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹೊಸ ನಿಯಾನ್. ಸಂಜೆ ಹೆಂಡತಿ ಎಣಿಸಿದಳು. ಹತ್ತು. ಯಾಕೋ ಗಾಜಿನ ಹತ್ತಿರಕ್ಕೆ ಮುಖ ತಂದು ಇನ್ನೊಮ್ಮೆ ಎಣಿಸಿದಳು. ಆಮೇಲೆ ಚಪ್ಪಲಿ ಬಿಚ್ಚಿದಳು.

"ನೋಡಿದ್ಯಾ ನನ್ನ ಮಾಲು?" ಎಂದ ವ್ಯಾಪಾರಿ.

"ನೋಡ್ತಾ ಇದೀನಿ" ಎಂದಳು ಹೆಂಡತಿ.

ಮುಂದಿನ ವಾರ ಮತ್ತೊಂದು ಮಾಯ. ಅದರ ಮುಂದಿನ ವಾರ ಇನ್ನೊಂದು. ಪ್ರತಿಸಲವೂ ಮಧ್ಯಾಹ್ನದೊಳಗೆ ಭರ್ತಿ. "ಅಳಿಯಂದ್ರೇ, ಅಂಗಿಯೆಲ್ಲ ಒದ್ದೆಯಾಗಿದೆಯಲ್ಲ" ಎಂದು ಅತ್ತೆ ಒಮ್ಮೆ ಕೇಳಿದರೆ "ಬಿಸಿಲು ಅತ್ತೆ, ಬೆವರು" ಎಂದ. "ಒಂದೇ ಕಡೆ ಬೆವರ್ತೀರಲ್ಲ, ಪಾಪ" ಎಂದು ಅವರು ಮಗ್ಗುಲು ಬದಲಿಸಿದರು. ಏಳು ಮೀನು ಹೀಗೆ ಒಳಬಂದವು. ವಿಚಿತ್ರವೆಂದರೆ ಇಷ್ಟು ಭೋಜನ ಉಂಡರೂ ಏಂಜಲ್‌ಗಳಿಗೆ ಹೊಟ್ಟೆಯೇ ಬರಲಿಲ್ಲ. ಜೀರ್ಣಶಕ್ತಿ ಅಂದರೆ ಇದು ಎಂದು ಆತ ಒಳಗೊಳಗೇ ಮೆಚ್ಚಿಕೊಂಡ.

ಎಂಟನೆಯದು ಕಾಣೆಯಾದ ದಿನ ಮೀನಿನಂಗಡಿಯವನು ಕೈ ಆಡಿಸಿದ. "ನಿಯಾನ್ ಖಾಲಿ ಸಾರ್. ಯಾರೋ ಒಬ್ರು ಗಿರಾಕಿ, ಬಿಡದ ಹಾಗೆ ತಗೊಂಡು ಹೋಗ್ತಾರೆ."

"ಯಾರದು?"

"ನೀವೇ ಸಾರ್."

ಸಂಜೆಯ ಎಣಿಕೆ ಒಂಬತ್ತಕ್ಕೆ ನಿಂತಿತು. ವ್ಯಾಪಾರಿ ಗಂಟಲು ಸರಿಮಾಡಿಕೊಂಡು, ಸೋತ ರಾಜ ಕಿರೀಟ ಇಳಿಸುವ ಗತ್ತಿನಲ್ಲಿ ಹೇಳಿದ: "ಹೋಯ್ತು ಕಣೇ ಒಂದು. ಇಷ್ಟು ದಿನಕ್ಕೆ ಒಂದೇ ಒಂದು! ಆದ್ರೂ ಮಾತು ಅಂದ್ರೆ ಮಾತು."

"ಅಯ್ಯೋ, ಬಿಡಿ ರೀ. ನೀವೇನು ಬೇಕಂತ ಮಾಡಿದ್ರಾ" ಎಂದಳು ಹೆಂಡತಿ, ಕೋಣೆಯ ಬೀಗದ ಕೈ ಆತನ ಅಂಗೈಯಲ್ಲಿಡುತ್ತಾ.

ಎರಡು ಭಾನುವಾರ ಆತ ಪುಸ್ತಕ ಹೊತ್ತ. ಅಂಗಡಿಯಲ್ಲಿ ಜಾಗವಿಲ್ಲದೆ ಹದಿನೆಂಟು ವರ್ಷದ ಬಂಡವಾಳವನ್ನು ರದ್ದಿಯವನ ಗಾಡಿಗೆ ಹಾಕುವಾಗ ಕಣ್ಣು ಒದ್ದೆಯಾಯಿತು. ಅತ್ತೆ ಹೊಸ ಕೋಣೆಯ ಕಿಟಕಿ ತೆರೆದು, "ಇಲ್ಲೊಂದು ಕಿಟಕಿಯೂ ಇತ್ತಾ!" ಎಂದು ಬೆರಗಾದರು. "ಪರದೆ ಇಲ್ಲವಲ್ಲ ಅಳಿಯಂದ್ರೇ?"

ಅದಾದ ಹತ್ತು ದಿನಕ್ಕೆ ದಂತವೈದ್ಯರು ಕ್ಲಿನಿಕ್ಕಿನ ಕಿಟಕಿಗಳಿಗೆ ಪರದೆ ಬೇಕೆಂದು ಹೇಳಿಕಳಿಸಿದರು. ವ್ಯಾಪಾರಿ ಕೊರಳಿಗೆ ಟೇಪು ಹಾಕಿಕೊಂಡು ಹೋದ. ರೋಗಿಗಳು ಕಾಯುವ ಕೋಣೆಯ ಮೂಲೆಯಲ್ಲಿ ಒಂದು ಹೊಸ ಅಕ್ವೇರಿಯಂ. ಅದರೊಳಗೆ ಎಂಟು ನಿಯಾನ್. ಒಂದರ ಬಾಲದ ತುದಿ ಹರಿದಿತ್ತು.

"ಹೇಗಿದೆ?" ಡಾಕ್ಟರು ಹೆಮ್ಮೆಯಿಂದ ಪಕ್ಕಕ್ಕೆ ಬಂದು ನಿಂತರು. "ಎಲ್ಲಾ ನಿಮ್ಮ ಮನೆಯವರದೇ ಕೃಪೆ. ಪಾಪ, ಮೊದಲು ಈ ಗಾಯದ್ದನ್ನ ಉಳಿಸೋಕೆ ಅಂತ ಡಬ್ಬಿಯಲ್ಲಿ ತಂದ್ರು. ಆಮೇಲೆ ವಾರಕ್ಕೊಂದು. ಎಷ್ಟು ತೆಗೆದ್ರೂ ಮನೆಯಲ್ಲಿ ಹತ್ತಕ್ಕೆ ಹತ್ತು ಇರುತ್ತಂತೆ! ನಿಮ್ಮ ತೊಟ್ಟಿ ಅಕ್ಷಯಪಾತ್ರೆ ಕಣ್ರೀ. ಹೇಗೆ ಸಾಕ್ತೀರಿ, ಸ್ವಲ್ಪ ನಮಗೂ ಹೇಳಿ."

ವ್ಯಾಪಾರಿಯ ತಲೆಯೊಳಗೆ ಹರಿದ ಬಟ್ಟೆಯ ತುಂಡುಗಳೆಲ್ಲ ಒಂದಕ್ಕೊಂದು ಹೊಲಿದುಕೊಂಡವು. ತನ್ನ ಏಂಜಲ್‌ಗಳು ಒಂದನ್ನೂ ನುಂಗಿರಲಿಲ್ಲ. ಪಂದ್ಯ ತನ್ನದು! ಕೋಣೆ ತನ್ನದು! ಎದುರಿಗೆ ಮೇಜಿನ ಹಿಂದೆ ಹೆಂಡತಿ ಪೆನ್ನು ಹಿಡಿದು, ಏಂಜಲ್ ಮೀನಿನದೇ ಸಂಭಾವಿತ ಮುಖದಿಂದ ಆತನನ್ನೇ ನೋಡುತ್ತಿದ್ದಳು. ಬೆಂಚಿನ ಮೇಲೆ ಆರು ಜನ ರೋಗಿಗಳು, ಅದರಲ್ಲಿ ನಾಲ್ವರು ಆತನ ಹಳೆಯ ಗಿರಾಕಿಗಳು. ಸತ್ಯ ಹೇಳಿದರೆ ಕೋಣೆ ಬರುತ್ತದೆ. ಜೊತೆಗೆ, ಗಿರಾಕಿಗಳ ಮುಂದೆ, ಕದ್ದು ಏಳು ಸಲ ಮಾಲು ಬದಲಾಯಿಸಿದವನು ಎಂಬ ಬಿರುದೂ ಬರುತ್ತದೆ.

ಆದರೂ ಕೋಣೆಯ ಆಸೆ ದೊಡ್ಡದು. ಹೇಳಿಯೇಬಿಡೋಣವೆಂದು ಬಾಯಿ ಅಗಲವಾಗಿ ತೆರೆದ.

"ಅರೆ! ಹಾಗೇ ಇಟ್ಕೊಳ್ಳಿ" ಎಂದು ಡಾಕ್ಟರು ಟಾರ್ಚ್ ಬಿಟ್ಟರು. "ಹಿಂದಿನ ದವಡೆಹಲ್ಲು ಪೂರ್ತಿ ಟೊಳ್ಳಾಗಿದೆಯಲ್ರೀ! ಬನ್ನಿ, ಒಳಗೆ ಬನ್ನಿ, ಮನೆಯವರಲ್ವಾ, ಮೊದಲು ನಿಮ್ಮದೇ ನೋಡೋಣ."

ಐದು ನಿಮಿಷದಲ್ಲಿ ಆತ ಕುರ್ಚಿಯಲ್ಲಿ ಅಂಗಾತ. ಬಾಯಿತುಂಬ ಹತ್ತಿ, ತುಟಿಯ ಮೂಲೆಯಲ್ಲಿ ನೀರು ಹೀರುವ ಕೊಳವೆ. ಹೆಂಡತಿ ರೋಗಿಗಳ ಹೆಸರು ಬರೆಯುವ ಪುಸ್ತಕ ಹಿಡಿದು ಒಳಗೆ ಬಂದಳು.

"ಡಾಕ್ಟ್ರೇ, ಇನ್ನು ಮುಂದೆ ವಾರಕ್ಕೊಂದು ನಿಯಾನ್ ಇವರೇ ಕೈಯಾರೆ ತಂದುಕೊಡ್ತಾರೆ, ನಿಮ್ಮ ತೊಟ್ಟಿ ತುಂಬೋವರೆಗೂ. ಹಾಗೇ ಅಮ್ಮನ ಕೋಣೆಗೆ ಒಂದು ಜೊತೆ ಪರದೆನೂ ಹೊಲಿಸ್ತಾರೆ. ಅಲ್ವೇನ್ರೀ?"

"ಹ್ಞಾಂ... ಹ್ಞಾಂ... ಹ್ಞಾಂ!" ಎಂದು ವ್ಯಾಪಾರಿ ಕೈಕಾಲು ಬಡಿದ.

ಡಾಕ್ಟರು ಗಾಬರಿಯಾದರು. "ನೋವಾಗ್ತಿದೆಯಾ?"

"ಇಲ್ಲ ಡಾಕ್ಟ್ರೇ" ಎಂದಳು ಹೆಂಡತಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾ. "ಒಪ್ಕೋತಿದಾರೆ."