ಪಟಪಟಿಯೂ ಎರಡು ಮಗ್ಗುಲಿನ ಕಾಗದವೂ

ಸಾವಿಗೆ ಹೆದರುವುದಿಲ್ಲ ಎಂದು ಹೇಳುವವರನ್ನು ನಾನು ಬೇಕಾದಷ್ಟು ಮಂದಿ ಕಂಡಿದ್ದೇನೆ. ಅವರೆಲ್ಲ ಊಟವಾದ ಮೇಲೆ ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತಾ ಹಾಗೆ ಹೇಳುವವರು. ನಾನು ಆ ಗುಂಪಿನವನಲ್ಲ. ನನಗೆ ಹೆದರಿಕೆಯಿದೆ, ಅದನ್ನು ನಿಮ್ಮ ಮುಂದೆ ಬಚ್ಚಿಟ್ಟು ಏನಾಗಬೇಕು? ಹಾವಿಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಕಂದು ಬಣ್ಣದ ಲಕೋಟೆಯಲ್ಲಿ ಬರುವ ಸರ್ಕಾರಿ ಪತ್ರಕ್ಕಂತೂ ಒಡೆಯುವ ಮೊದಲೇ ಹೆದರುತ್ತೇನೆ. ಆದರೆ ಇವೆಲ್ಲವನ್ನೂ ನುಂಗಿಹಾಕುವಂಥ ಒಂದು ಹೆದರಿಕೆ ನನಗೆ ನಲವತ್ತು ದಾಟಿದ ಮೇಲೆ ಹೊಸದಾಗಿ ಹತ್ತಿಕೊಂಡಿತು. ಗೊತ್ತಿಲ್ಲದ ಊರಿನ ರಸ್ತೆಯ ಪಕ್ಕದಲ್ಲಿ ಬಿದ್ದು, ಸುತ್ತ ನಿಂತವರಿಂದ 'ಯಾರೋ ಪಾಪ, ಯಾವೂರೋ ಏನೋ' ಅನ್ನಿಸಿಕೊಂಡು ಹೋಗಿಬಿಡುತ್ತೇನೆ ಎಂಬ ಹೆದರಿಕೆ.

ಇದಕ್ಕೆ ಕಾರಣ, ಒಂದೇ ವರ್ಷದಲ್ಲಿ ಎರಡು ಶನಿಗಳು ನನ್ನ ಹೆಗಲೇರಿದ್ದು. ಒಂದು ಸಕ್ಕರೆ ಕಾಯಿಲೆ, ಇನ್ನೊಂದು ಮೋಟಾರು ಸೈಕಲ್ಲು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಊರಿನವರಿಗೆಲ್ಲ ಸಕ್ಕರೆ ಅಂಗಡಿಗೆ ಬಂತು. ನನಗೆ ನೇರವಾಗಿ ಮೈಯೊಳಕ್ಕೇ ಬಂತು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ದಿನಾ ಬೆಳಗ್ಗೆ ಇನ್ಸುಲಿನ್ ಎಂಬ ಹೊಸ ಮದ್ದನ್ನು ಸೂಜಿಯಲ್ಲಿ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಕಟ್ಟು ಮಾಡಿದರು. ನಾನೋ ಸ್ಕೂಲ್ ಇನ್‌ಸ್ಪೆಕ್ಟರು. ಇವತ್ತು ದುದ್ದ, ನಾಳೆ ನಿಡಘಟ್ಟ, ಮಾರನೆಯ ದಿನ ಮಳವಳ್ಳಿಯ ಆಚೆ. ಎತ್ತಿನ ಗಾಡಿಯಲ್ಲಿ ಹೋದರೆ ಹೊತ್ತಿಗೆ ಸರಿಯಾಗಿ ಉಣ್ಣುವುದು ಎತ್ತುಗಳು ಮಾತ್ರ. ಬಸ್ಸನ್ನು ನಂಬೋಣವೆಂದರೆ ಅದಕ್ಕೆ ನನಗಿಂತ ಹೆಚ್ಚಿನ ಕಾಯಿಲೆ. ಹೀಗಾಗಿ ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರಿಂದ ಹಳೆಯ ಮೋಟಾರು ಸೈಕಲ್ಲೊಂದನ್ನು ಕೊಂಡೆ. ಕಾಯಿಲೆಗಾಗಿ ವಾಹನ ಬಂತು. ಆಮೇಲೆ ಆ ಎರಡೂ ಸೇರಿ ನನ್ನ ಮೇಲೆ ಪಿತೂರಿ ಮಾಡಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಅದನ್ನು ಹೊಳೆಯಿಸಿದವರೂ ಡಾಕ್ಟರೇ. ನಾನು ಪಟಪಟಿ ಕೊಂಡ ಸುದ್ದಿ ಕೇಳಿ ಅವರು ಕನ್ನಡಕ ತೆಗೆದರು. "ನೋಡಿ, ಸೂಜಿ ಹಾಕಿಕೊಂಡು ಊಟ ತಡವಾದರೆ ರಕ್ತದ ಸಕ್ಕರೆ ಇಳಿದುಹೋಗುತ್ತೆ. ಬೆವರುತ್ತೆ, ಕೈಕಾಲು ನಡುಗುತ್ತೆ, ನಾಲಗೆ ಹೊರಳೋದಿಲ್ಲ. ನೋಡಿದವರು ಕುಡಿದಿದ್ದಾನೆ ಅಂದ್ಕೋತಾರೆ. ಆವಾಗ ಯಾರಾದರೂ ಬಾಯಿಗೆ ಸಿಹಿ ಹಾಕಿದರೆ ಹತ್ತು ನಿಮಿಷದಲ್ಲಿ ಎದ್ದು ಕೂತ್ಕೋತೀರಿ. ಹಾಕದೆ ಇದ್ದರೆ..." ಎಂದವರು ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. ಕಿಟಕಿಯ ಆಚೆ ಏನಿದೆಯೆಂದು ನಾನೂ ನೋಡಿದೆ. ಏನೂ ಇರಲಿಲ್ಲ. ಅದರಿಂದ ಮತ್ತೂ ಹೆದರಿಕೆಯಾಯಿತು. "ಜೇಬಿನಲ್ಲಿ ನಾಲ್ಕು ಹರಳು ಕಲ್ಲುಸಕ್ಕರೆ ಇಟ್ಕೊಳ್ಳಿ. ಜೊತೆಗೆ, ನೀವು ಯಾರು, ಏನು ಕಾಯಿಲೆ, ಏನು ಮಾಡಬೇಕು ಅಂತ ಬರೆದ ಕಾಗದ ಒಂದಿರಲಿ" ಎಂದರು.

ಕಲ್ಲುಸಕ್ಕರೆ ಇಟ್ಟುಕೊಂಡ ಮೂರನೆಯ ದಿನ, ಮದ್ದೂರಿನ ಸ್ಕೂಲಿನಲ್ಲಿ ಮಕ್ಕಳಿಗೆ ಶಿಸ್ತಿನ ವಿಷಯ ಹೇಳುತ್ತಿದ್ದಾಗ ನನ್ನ ಕೋಟಿನೊಳಗೆ ಕೆಂಜಿರುವೆಗಳು ಹತ್ತಿದವು. ಆ ದಿನ ನಾನು ಮೇಜಿನ ಹಿಂದೆ ಮಾಡಿದ ಅಭಿನಯವನ್ನು ವಿವರಿಸುವುದಿಲ್ಲ. ಮನೆಗೆ ಬಂದವನೇ ಸಕ್ಕರೆಯನ್ನು ಹಿತ್ತಲಿಗೆ ಎಸೆದೆ. ಉಳಿದದ್ದು ಕಾಗದ ಒಂದೇ.

ಆ ಕಾಗದ ಬರೆಯಲು ಮೂರು ಭಾನುವಾರ ಹಿಡಿಯಿತು. ಮೊದಲು ಇಂಗ್ಲಿಷಿನಲ್ಲಿ ಬರೆದೆ. "ಮಳವಳ್ಳಿ ರಸ್ತೇಲಿ ಅದನ್ನ ಯಾರು ಓದ್ತಾರೆ, ಎಮ್ಮೆಗಳೇ?" ಎಂದಳು ನನ್ನ ಹೆಂಡತಿ. ಕನ್ನಡದಲ್ಲಿ 'ನಾನು ಸಾಯುವ ಸ್ಥಿತಿಯಲ್ಲಿದ್ದರೆ' ಎಂದು ಆರಂಭಿಸಿದೆ. "ಥೂ, ಬಿಡ್ತು ಅನ್ನಿ! ಮುತ್ತೈದೆ ಇರೋ ಮನೇಲಿ ಇದೇನೂಂದ್ರೆ ಬರೆಯೋದು!" ಎಂದು ಅವಳು ಆ ಹಾಳೆಯನ್ನು ಒಲೆಗೆ ಹಾಕಿದಳು. ಕೊನೆಗೆ, ಹೆಂಡತಿಗೆ ಅಪಶಕುನವಾಗದಂತೆ, ಇಲಾಖೆಗೆ ಅಗೌರವವಾಗದಂತೆ, ಓದುವವರಿಗೆ ನಾನು ಹಾದಿಬೀದಿಯ ಮನುಷ್ಯನಲ್ಲ ಎಂದು ಗೊತ್ತಾಗುವಂತೆ ಒಂದು ಕಾಗದ ಸಿದ್ಧವಾಯಿತು. ಕೈ ರೂಢಿಯಲ್ಲವೇ, ಮೇಲೆ 'ಶ್ರೀಃ' ಎಂದು ಹಾಕಿ, 'ಈ ಪತ್ರವು ಯಾರ ಹಸ್ತವನ್ನು ಸೇರುವುದೋ ಆ ಮಹನೀಯರಿಗೆ ಅನೇಕ ನಮಸ್ಕಾರಗಳು. ಇತ್ತ ಎಲ್ಲವೂ ಕ್ಷೇಮ' ಎಂದೇ ಬರೆದುಬಿಟ್ಟಿದ್ದೆ. ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿಟ್ಟುಕೊಂಡು, ಇನ್ನು ಯಮನೇ ಬಂದರೂ ಮೊದಲು ಓದಿಕೊಂಡು ಆಮೇಲೆ ಮಾತಾಡಲಿ ಎಂಬ ಧೈರ್ಯದಲ್ಲಿ ಓಡಾಡತೊಡಗಿದೆ.

ಒಂದು ದಿನ ಬೆಳಕವಾಡಿಯ ಸ್ಕೂಲಿನ ತನಿಖೆ ಇತ್ತು. ಬೆಳಗ್ಗೆ ಸೂಜಿ ಹಾಕಿಕೊಂಡು, ಎರಡು ಗೋಧಿರೊಟ್ಟಿ ತಿಂದು, ಮಿಕ್ಕ ಊಟವನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಮಂಡ್ಯದಿಂದ ಹೊರಟೆ. ಮದ್ದೂರು ದಾಟಿದ ಮೇಲೆ ಹಿಂದಿನ ಚಕ್ರಕ್ಕೆ ಲಾಳದ ಮೊಳೆ ಚುಚ್ಚಿತು. ಅದನ್ನು ಬಿಚ್ಚಿ, ತೇಪೆ ಹಾಕಿ, ಗಾಳಿ ತುಂಬುವಷ್ಟರಲ್ಲಿ ಬಿಸಿಲು ನೆತ್ತಿಗೇರಿತು. ಮಳವಳ್ಳಿಯಲ್ಲಿ ಇಳಿದು ಉಣ್ಣಬೇಕಾಗಿತ್ತು. ಆದರೆ ಮಧ್ಯಾಹ್ನದ ಬಿಡುವಿಗೆ ಮೊದಲೇ ಹೋಗಿ ಮೇಷ್ಟ್ರನ್ನು ಹಿಡಿಯಬೇಕೆಂಬ ಅಧಿಕಾರಿಯ ಚಪಲ. ಇನ್ನೇನು ಒಂಬತ್ತು ಮೈಲಿ, ಅಲ್ಲೇ ಹೋಗಿ ಉಂಡರಾಯಿತು ಎಂದು ಹೊರಟುಬಿಟ್ಟೆ.

ಬೆಳಕವಾಡಿ ಇನ್ನು ಕೂಗಳತೆಯಲ್ಲಿದೆ ಅನ್ನುವಾಗ ಕತ್ತಿನ ಹಿಂದೆ ತಣ್ಣಗೆ ಬೆವರು ಇಳಿಯಿತು. ಬಿಸಿಲಿಗೆ ಇರಬೇಕು ಎಂದುಕೊಂಡೆ. ಆಮೇಲೆ ಒಂದು ರಸ್ತೆ ಎರಡಾಯಿತು. ಎರಡರಲ್ಲೂ ಒಂದೊಂದು ಹುಣಿಸೆಮರ. ಯಾವುದು ನಿಜವಾದ ರಸ್ತೆಯೆಂದು ಯೋಚಿಸುತ್ತಿರುವಾಗಲೇ, ಡಾಕ್ಟರು ಕಿಟಕಿಯ ಕಡೆ ನೋಡಿದ್ದು ನೆನಪಾಯಿತು. ನಿಲ್ಲಿಸಬೇಕು, ಡಬ್ಬಿ ಬಿಚ್ಚಬೇಕು ಎಂದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ವಾಹನ ತಾನಾಗಿ ಒಂದು ಬೇಲಿಯೊಳಕ್ಕೆ ನುಗ್ಗಿ ಮಲಗಿತು. ನಾನೂ ಅದರ ಪಕ್ಕದಲ್ಲಿ ಮಲಗಿದೆ. ಪೆಟ್ಟೇನೂ ಆಗಲಿಲ್ಲ, ಆದರೆ ಏಳಲು ಆಗಲಿಲ್ಲ. ಕಿವಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಅದೇ ಆ ದಿನದ ದೊಡ್ಡ ಶಿಕ್ಷೆ.

ಗದ್ದೆಯಿಂದ ಇಬ್ಬರು ಓಡಿಬಂದರು. "ಕುಡ್ದವ್ನೆ ಕಣ್ಲಾ. ಕಣ್ಣ ಎಂಗ್ ತೇಲಿಸ್ತಾವ್ನೆ ನೋಡು" ಎಂದ ಒಬ್ಬ.

"ಅಣೇಲಿ ನಾಮ ಅದೆ, ಜುಟ್ಟು ಬುಟ್ಟವ್ನೆ. ಇಂತಾ ಅಯ್ನೋರೂ ಕುಡೀತಾರೇನ್ಲಾ?"

"ಕಾಲ ಕೆಟ್ಟೋಗದೆ ಬುಡು. ಎತ್ತಿ ಕಾಲುವೇಲಿ ಮುಳುಗ್ಸಿ ತಗದ್ರೆ ಇಳೀತದೆ."

ನಾನು ಕುಡಿದಿಲ್ಲ ಎಂದು ಕೂಗಿದೆ. ಬಾಯಿಂದ ಹೊರಬಂದದ್ದು ಕುಡಿದವರ ಮಾತೇ. ಅವನು ನನ್ನ ಕಾಲು ಹಿಡಿದೇಬಿಟ್ಟ. ಗುರುತಿಲ್ಲದೆ ಸಾಯುವುದಕ್ಕಿಂತಲೂ ಘೋರವಾದದ್ದು ಒಂದಿದೆ, ಕುಡುಕನೆಂದು ಗುರುತಾಗಿ ಸಾಯುವುದು ಎಂದು ನನಗೆ ಆಗ ಅರಿವಾಯಿತು.

ಅಷ್ಟರಲ್ಲಿ ಬೇಲಿಯ ಒಳಗಿನ ಮನೆಯಿಂದ ಒಬ್ಬ ಮುದುಕಿ ಬಂದಳು. ನಿಂಗಮ್ಮ ಎಂದು ಅವಳ ಹೆಸರು. ಬಂದವಳೇ ಬಗ್ಗಿ ನನ್ನ ಬಾಯಿ ಮೂಸಿದಳು. "ಬುಡ್ರುಲಾ ಕಾಲ! ಕುಡ್ದೋರ ಬಾಯಿ ನಾರಾಕಿಲ್ವಾ? ಇವ್ರು ಅಸ್ದವ್ರೆ ಕಣ್ರುಲಾ. ಮಕ ನೋಡಿ, ಎಂಗ್ ಬೆಳ್ಳಗಾಗದೆ. ಬೆಲ್ಲ ತತ್ತೀನಿ, ಇರಿ" ಎಂದು ಒಳಕ್ಕೆ ಹೋದಳು. ನನ್ನ ಕಣ್ಣಲ್ಲಿ ನೀರು ಬಂತು. ಮೈಸೂರಿನ ಡಾಕ್ಟರು ಅಷ್ಟು ಓದಿ ಹೇಳಿದ್ದನ್ನು ಇವಳು ಮೂಗಿನಿಂದಲೇ ಕಂಡುಹಿಡಿದಿದ್ದಳು. ಆದರೆ ಅಷ್ಟರಲ್ಲಿ ಕಾಲು ಹಿಡಿದಿದ್ದವನು ಎದೆಯ ಜೇಬಿಗೆ ಕೈಹಾಕಿದ. "ಕಾಗ್ಜ ಅದೆ ಕಣ್ಲಾ! ಮೇಷ್ಟ್ರ ಕರಿ, ಓಗು!"

ಸ್ಕೂಲು ನಾಲ್ಕು ಹೆಜ್ಜೆ. ಮೇಷ್ಟ್ರು ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದು ನನ್ನನ್ನು ನೋಡಿದವರೇ, "ಅಯ್ಯೋ ದೇವರೇ, ಇನ್‌ಸ್ಪೆಕ್ಟರ್ ಸಾಹೇಬರು!" ಎಂದರು. ಗುರುತು ಸಿಕ್ಕಿಹೋಯಿತು. ಆ ಹೆದರಿಕೆ ಅಲ್ಲಿಗೆ ಮುಗಿಯಿತು. ಕಾಗದವನ್ನು ಅಲ್ಲೇ ಹರಿದು ಎಸೆದಿದ್ದರೆ ನನಗೆ ಆಯುಸ್ಸು ಹೆಚ್ಚಾಗುತ್ತಿತ್ತು. ಆದರೆ ಅವರು ಅದನ್ನು ಬಿಡಿಸಿ, ಎರಡು ಕೈಯಲ್ಲೂ ಎತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು ಓದತೊಡಗಿದರು.

"ಶ್ರೀಃ. ಈ ಪತ್ರವು ಯಾರ ಹಸ್ತವನ್ನು ಸೇರುವುದೋ ಆ ಮಹನೀಯರಿಗೆ ಅನೇಕ ನಮಸ್ಕಾರಗಳು. ಇತ್ತ ಎಲ್ಲವೂ ಕ್ಷೇಮ."

ಅಷ್ಟು ಹೊತ್ತಿಗೆ ಸುತ್ತ ನೆರೆದಿದ್ದ ಗಂಡಸರು ಹೆಂಗಸರು ನನ್ನ ಕಡೆ ನೋಡಿದರು. ಮೇಷ್ಟ್ರು ಮುಂದುವರಿಸಿದರು. ನನ್ನ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಪರೀಕ್ಷೆ ಪಾಸಾದ ವರ್ಷ, ಹುದ್ದೆ. ಪೂರ್ಣವಿರಾಮ ಬಂದ ಕಡೆ ನಿಲ್ಲಿಸುತ್ತಿದ್ದರು. ನನ್ನ ಬೆರಳ ತುದಿಗಳು ಮರಗಟ್ಟುತ್ತಾ ಬಂದವು. "ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳು ಕಟ್ಟಿಸಿದಂಥವು. ಪ್ರಜ್ಞೆ ತಪ್ಪಿದಲ್ಲಿ ಅವನ್ನು ತೆಗೆದಿಡತಕ್ಕದ್ದು." ಒಬ್ಬ ಬೆರಳು ಹಾಕಿ ತೆಗೆದೇ ತೆಗೆದ. ಹೆಂಗಸರು ಕಿಟಾರನೆ ಕಿರುಚಿದರು. ಅಷ್ಟರಲ್ಲಿ ನಿಂಗಮ್ಮ ಅಂಗೈಯಲ್ಲಿ ಬೆಲ್ಲ ಪುಡಿ ಮಾಡಿಕೊಂಡು ಬಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಇನ್ನು ಎರಡಂಗುಲ.

"ನಿಲ್ಲು! ಕೊಡಬೇಡಮ್ಮ!" ಎಂದು ಮೇಷ್ಟ್ರು ಅವಳ ಕೈ ಹಿಡಿದುಕೊಂಡರು. "ಇಲ್ಲಿ ಬರೆದಿದ್ದಾರೆ ನೋಡು: 'ನನಗೆ ಮಧುಮೂತ್ರ ರೋಗವಿರುವುದರಿಂದ ಸಿಹಿ ಪದಾರ್ಥಗಳು ಸರ್ವಥಾ ವರ್ಜ್ಯ.'"

"ಅಂಗಂದ್ರೇನು?"

"ಸಿಹಿ ಕೊಡಲೇಬಾರದು ಅಂತ. ಕೊಟ್ಟರೆ ಪ್ರಾಣಕ್ಕೇ ಅಪಾಯ."

"ಕಾಗ್ಜ ಕೇಳ್ಕಂಡು ಜೀವ ನಿಲ್ತದಾ ಮೇಷ್ಟ್ರೇ? ಉಸ್ರು ನೋಡಿ, ಎಳ್ಕತಾವ್ರೆ."

"ಅವರೇ ಕೈಯಾರೆ ಬರೆದು ರುಜು ಹಾಕಿದ್ದಾರಲ್ಲಮ್ಮ! ನಾಳೆ ಹೆಚ್ಚುಕಡಿಮೆಯಾದರೆ ನನ್ನ ಕೆಲಸ ಉಳಿಯುತ್ತದೆಯೆ?"

ಓದುಗರೆ, ಕಾಗದಕ್ಕೆ ಎರಡು ಮಗ್ಗುಲಿತ್ತು. ಮುಂದಿನ ಮಗ್ಗುಲು ನನ್ನ ಘನತೆ ಮತ್ತು ಪಥ್ಯದಲ್ಲಿ ತುಂಬಿಹೋದ್ದರಿಂದ, ಬೆವರಿ ನಡುಗುತ್ತಿದ್ದರೆ ತಕ್ಷಣ ಸಿಹಿ ಕೊಡಬೇಕು ಎಂಬುದನ್ನು ನಾನು ಹಿಂದಿನ ಮಗ್ಗುಲಿನಲ್ಲಿ ಬರೆದಿದ್ದೆ. 'ಹಿಂದೆ ನೋಡಿ' ಎಂದು ಸೂಚಿಸಲು ಜಾಗ ಉಳಿದಿರಲಿಲ್ಲ. ಮಲಗಿದ್ದ ನನಗೆ ಆ ಮಗ್ಗುಲೇ ಕಾಣುತ್ತಿತ್ತು. ನನ್ನದೇ ಅಕ್ಷರ, ನನ್ನ ಪ್ರಾಣ, ಒಂದು ಮೊಳ ದೂರದಲ್ಲಿ ಬಿಸಿಲಿಗೆ ಹೊಳೆಯುತ್ತಿದೆ. ಬೆರಳೆತ್ತಿ ತೋರಿಸಲು ಬೆರಳಿಲ್ಲ, ಹೇಳಲು ನಾಲಗೆಯಿಲ್ಲ. ಅಂಥ ಹೆದರಿಕೆಯನ್ನು ನಾನು ಅದಕ್ಕೆ ಹಿಂದೆಯೂ ಪಟ್ಟಿಲ್ಲ, ಆಮೇಲೆಯೂ ಪಟ್ಟಿಲ್ಲ. ಬೆಳಕು ಅಂಚುಗಳಿಂದ ಕಪ್ಪಾಗುತ್ತಾ ಬಂತು. ನನ್ನ ಹೆಂಡತಿ ಸಂಜೆ ಬಾಗಿಲಲ್ಲಿ ನಿಂತು ಪಟಪಟಿಯ ಸದ್ದಿಗೆ ಕಿವಿಗೊಡುವುದು ಕಣ್ಣಿಗೆ ಕಟ್ಟಿತು. ಇಷ್ಟೇ ಎಂದುಕೊಂಡೆ.

ಆಗ ನನ್ನ ತಲೆಯ ಮೇಲಿಂದ ನಿಂಗಮ್ಮನ ದನಿ ಕೇಳಿತು. "ಮೇಷ್ಟ್ರೇ, ಈ ಮಗ್ಗುಲಾಗೂ ಕರೀಗೆ ಇರುವೆ ಅರ್ದಂಗೆ ಏನೋ ಅದಲ್ಲಾ, ಅದೇನು?"

ಅಕ್ಷರ ಬಾರದ ಆ ಒಬ್ಬಳೇ ಕಾಗದದ ಹಿಂದುಗಡೆ ನೋಡಿದ್ದಳು. ಮೇಷ್ಟ್ರು ಮಗುಚಿದರು. "ಆದರೆ, ಬೆವರು, ನಡುಕ, ಮಂಪರು ಈ ಮೂರೂ ತೋರಿಬಂದ ಪಕ್ಷದಲ್ಲಿ, ಮೇಲ್ಕಂಡ ನಿಷೇಧವನ್ನು ಲಕ್ಷಿಸದೆ..." ಎಂದು ಅವರು ಉಸಿರೆಳೆದುಕೊಳ್ಳುವಷ್ಟರಲ್ಲಿ ನಿಂಗಮ್ಮ, "ನಿಮ್ ಓದ್ಗೆ ಬೆಂಕಿ ಬೀಳ" ಎಂದು ಬೆಲ್ಲವನ್ನು ನನ್ನ ಕೆನ್ನೆಯ ಒಳಕ್ಕೆ ತುರುಕಿಯಾಗಿತ್ತು. ಅದು ಕರಗಿ ಗಂಟಲಿಗಿಳಿಯಿತು. ಅಮೃತ ಎಂದು ಪುರಾಣಗಳಲ್ಲಿ ಬರುವುದು ಬೆಲ್ಲವೇ ಇರಬೇಕು.

ಸ್ವಲ್ಪ ಹೊತ್ತಿಗೆ ಎದ್ದು ಕೂತೆ. ಹಲ್ಲು ತೊಳೆದು ಹಾಕಿಕೊಂಡೆ. ನಿಂಗಮ್ಮನ ಕಾಲು ಮುಟ್ಟಲು ಹೋದರೆ, "ಬುಡಿ ಸೋಮಿ, ಪಾಪ ಸುತ್ಕತದೆ" ಎಂದು ಹಿಂದಕ್ಕೆ ಸರಿದಳು. ಮಾತು ಬಂದ ಮೇಲೆ ನನಗೆ ಮೊದಲು ಬಂದದ್ದು ಕೋಪ. "ಅಲ್ರೀ ಮೇಷ್ಟ್ರೇ, ಮನುಷ್ಯ ಸಾಯ್ತಾ ಬಿದ್ದಿದಾನೆ. ಗೋತ್ರ ಸೂತ್ರ ಎಲ್ಲ ಬಿಟ್ಟು, ಬೇಕಾದ್ದನ್ನ ಹುಡುಕಿ ಓದಬಾರದಾಗಿತ್ತೇ?"

ಅವರು ಕೈಕಟ್ಟಿ ನಿಂತು, ಬಹಳ ವಿನಯದಿಂದ, "ಹೋದ ವರ್ಷ ತಾವೇ ತನಿಖಾ ಪುಸ್ತಕದಲ್ಲಿ ಬರೆದಿದ್ದಿರಿ ಸಾರ್. 'ಉಪಾಧ್ಯಾಯರು ಗದ್ಯವನ್ನು ಅಲ್ಲಲ್ಲಿ ಹಾರಿಸಿ ಓದುತ್ತಾರೆ. ವಿರಾಮಚಿಹ್ನೆಗಳಿಗೆ ಗಮನ ಕೊಡುವುದಿಲ್ಲ. ತಿದ್ದಿಕೊಳ್ಳತಕ್ಕದ್ದು' ಅಂತ. ತಿದ್ದಿಕೊಂಡಿದ್ದೀನಿ" ಎಂದರು. ಆ ವರ್ಷದ ತನಿಖೆಯಲ್ಲಿ ಅವರ ವಾಚನಕ್ಕೆ 'ಅತ್ಯುತ್ತಮ' ಎಂದು ಬರೆಯದೆ ನನಗೆ ಬೇರೆ ದಾರಿಯಿರಲಿಲ್ಲ.

ಕಾಗದವನ್ನು ಬದಲಾಯಿಸಿದೆ. 'ಕುಡಿದಿಲ್ಲ. ಬಾಯಿಗೆ ಬೆಲ್ಲ ಹಾಕಿ' ಎಂದು ದಪ್ಪಕ್ಷರದಲ್ಲಿ ಎರಡೇ ಮಾತು. ಅದೂ ಈಗ ಅನವಶ್ಯಕ. ಸುದ್ದಿ ಮಳವಳ್ಳಿಯಿಂದ ಶಿವನಸಮುದ್ರದವರೆಗೆ ಹಬ್ಬಿಹೋಗಿದೆ. ಆ ರಸ್ತೆಯಲ್ಲಿ ಇಂಜಿನ್ನಿನ ಪ್ಲಗ್ಗು ಒರೆಸಲೆಂದು ಒಂದು ನಿಮಿಷ ನಿಂತರೂ ಸಾಕು, "ಇನಿಸ್ಪೆಟ್ರು ನಿಂತವ್ರೆ ಕಣ್ರಪ್ಪೋ!" ಎಂದು ಕೂಗು ಹಾಕಿ, ಗದ್ದೆಯಿಂದ ಇಬ್ಬರು ಬಂದು ತೋಳು ಹಿಡಿದುಕೊಳ್ಳುತ್ತಾರೆ, ಮೂರನೆಯವರು ದವಡೆ ಅದುಮಿ ಬೆಲ್ಲ ಹಾಕುತ್ತಾರೆ. ಚೆನ್ನಾಗಿದ್ದೇನೆ ಎಂದರೆ, "ಮಾತು ತೊದಲ್ತದೆ, ಇನ್ನೊಂದುಂಡೆ ಆಕು" ಎನ್ನುತ್ತಾರೆ. ಹೋದ ತಿಂಗಳು ಡಾಕ್ಟರು ಪರೀಕ್ಷೆಯ ನಳಿಕೆಯನ್ನು ಕಾಸಿ ನೋಡಿದಾಗ ನನ್ನ ಮೂತ್ರ ಬೆರೆಸಿದ ನೀಲಿ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು; ಸಕ್ಕರೆ ಮಿತಿಮೀರಿದೆ ಎಂದು ಅದರ ಅರ್ಥ. "ಎಲ್ಲಿ ತಿಂತೀರಿ?" ಎಂದು ಗದರಿದರು. "ತಿನ್ನೋದಿಲ್ಲ ಸಾರ್, ತಿನ್ನಿಸ್ತಾರೆ" ಎಂದೆ.

ಈಗ ನಾನು ಹೆದರುವುದು ಹೆಂಡತಿಗೆ ಮಾತ್ರ. ಮೊನ್ನೆ ಅನ್ನ ಬಡಿಸುತ್ತಾ ಕೇಳಿದಳು: "ಅಲ್ಲಾಂದ್ರೆ, ದುದ್ದಕ್ಕೆ ಹೋದಾಗ ಗಾಡಿ ನಿಲ್ಲೋದಿಲ್ಲ, ನಿಡಘಟ್ಟಕ್ಕೆ ಹೋದಾಗ ನಿಲ್ಲೋದಿಲ್ಲ. ಆ ಬೆಲ್ಲದ ನಿಂಗಮ್ಮನ ಮನೆ ಮುಂದೆ ಮಾತ್ರ ಪ್ರತಿ ಸಲವೂ ಯಾಕೆ ನಿಲ್ಲುತ್ತೆ?"

"ಅಲ್ಲಿ ರಸ್ತೆ ಬಹಳ ಏರು ಕಣೇ" ಎಂದೆ, ತಲೆಯೆತ್ತದೆ.

ಅವಳು ಹುಳಿ ಬಡಿಸಿ ಒಳಗೆ ಹೋದಳು. ಮದುವೆಯಾದ ಹೊಸದರಲ್ಲಿ ಅವಳನ್ನು ಶಿವನಸಮುದ್ರ ನೋಡಲು ಅದೇ ರಸ್ತೆಯಲ್ಲಿ ನಾನೇ ಕರೆದುಕೊಂಡು ಹೋಗಿದ್ದೆ ಎಂಬುದು ನನಗೆ ಕೈತೊಳೆಯುವಾಗ ನೆನಪಾಯಿತು. ಅಲ್ಲಿರುವುದು ಇಳಿಜಾರು.