ಹಿತ್ತಾಳೆ ಪಂಪಿಗೆ ಹುಣಸೆಹಣ್ಣು

ಹಳೆಯ ಸೈಕಲ್ ಪಂಪನ್ನು ಗುರುತಿಸುವುದು ಒಂದು ಶಾಸ್ತ್ರ. ನಾನದನ್ನು ಮಂಡ್ಯದ ನನ್ನ ಮನೆಯಲ್ಲೇ ಕೂತು, ಮೊಬೈಲ್ ನೋಡಿ ಕಲಿತವನು. ಮರದ ಹಿಡಿ, ಹಿತ್ತಾಳೆಯ ಕೊಳವೆ, ಕಾಲಲ್ಲಿ ಮೆಟ್ಟಿಕೊಳ್ಳಲು ಎರಕದ ಕಬ್ಬಿಣದ ತಳ. ಹಿಡಿ ಒತ್ತಿದರೆ ಒಳಗಿನ ಚರ್ಮದ ವಾಷರ್ ಎಮ್ಮೆಯಂತೆ ನಿಟ್ಟುಸಿರು ಬಿಡಬೇಕು. ಈಗಿನ ಪ್ಲಾಸ್ಟಿಕ್ ಪಿಚಕಾರಿಗಳ ಮಾತೆತ್ತಿದರೆ ನನಗೆ ಬಿ.ಪಿ. ಏರುತ್ತದೆ!

ಅಂಥ ಅಪರೂಪದ ಪಂಪೊಂದು ಪೂರಿಗಾಲಿಯ ನನ್ನ ಅಕ್ಕನ ಮನೆಯಲ್ಲಿದೆ. ಅದು ನಮ್ಮಪ್ಪನದು. ಮಗಳನ್ನು ನೋಡಲು ಮಳವಳ್ಳಿಯಿಂದ ಸೈಕಲ್ಲಿನಲ್ಲಿ ಹೋದಾಗ ಅಲ್ಲೇ ಬಿಟ್ಟು ಬಂದರು. ಪಂಚೆ ಎತ್ತಿ ಕಟ್ಟಿ ಅವರು ಗಾಳಿ ಹೊಡೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆ ನೆನಪಿನಲ್ಲಿ ಸೈಕಲ್ಲು ಒಮ್ಮೆ ಕಪ್ಪು, ಒಮ್ಮೆ ಹಸಿರು. ಅದು ಬೇರೆ ವಿಷಯ.

ಭಾವನ ಪ್ರಕಾರ ಪಂಪು ಅವರಪ್ಪನದು. ಇರಲಿ, ವಾದಿಸಬಹುದು. ಆದರೆ ಅದನ್ನು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕೊಟ್ಟಿದ್ದಾರಲ್ಲ! ಹಿತ್ತಾಳೆಯ ಮರ್ಯಾದೆ ತೆಗೆಯುವುದಕ್ಕೂ ಒಂದು ಮಿತಿ ಬೇಡವೇ? ಕುದಿಯುತ್ತಲೇ ಬಸ್ಸು ಹತ್ತಿದೆ.

ವರ್ಷ ವರ್ಷದ ಆಯುಧಪೂಜೆಯ ಅರಿಶಿನ, ಕುಂಕುಮ, ವಿಭೂತಿ ಪದರ ಪದರವಾಗಿ ಕೂತು ಕೊಳವೆ ಕಾಣುತ್ತಲೇ ಇರಲಿಲ್ಲ. ಹಳೆಯ ಎಣ್ಣೆಯ ಪರಿಮಳ ಆಸ್ವಾದಿಸಲು ಮೂಗಿಟ್ಟೆ. ಮೂಗು ಕೆಂಪಾಯಿತು. ನಿಟ್ಟುಸಿರು ಕೇಳಿಸಲೆಂದು ಹಿಡಿ ಎಳೆದು ಒತ್ತಿದೆ. ಪುಡಿಯಾಗಿದ್ದ ವಾಷರ್ ಕರಿ ಹೊಗೆಯಂತೆ ಹಾರಿ, ನಾಮಕರಣಕ್ಕೆ ಹೊರಟಿದ್ದ ಭಾವನ ಬಿಳಿ ಅಂಗಿಯ ಮೇಲೆ ಕೂತಿತು.

ಅಲ್ಲಿಂದ ಮಾತು ಇಬ್ಬರ ವಂಶಗಳಿಗೂ ಹೋಯಿತು. ಅಕ್ಕ ನಡುವೆ ಬಂದಳು. "ನಿನ್ ತಾವ ಸೈಕಲ್ಲೇ ಇಲ್ವಲ್ಲೋ. ಪಂಪ್ ತಗಂಡು ಯಾರ್ಗೆ ಗಾಳಿ ಒಡೀತೀಯ?"

ಇಂಥ ಪ್ರಶ್ನೆಗೆ ರಸಿಕನಾದವನು ಉತ್ತರ ಕೊಡುವುದಿಲ್ಲ. ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. ಹಿತ್ತಾಳೆ ಸಾಮಾನಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸದ ಮನೆ ನಮ್ಮ ಕಡೆ ಉಂಟೇ? ಉಜ್ಜಿ ನೋಡೋಣ ಎಂದೆ. ಪೂಜೆಯ ಕುಂಕುಮ ಉಜ್ಜುವುದೇ ಎಂದು ಭಾವ ಹಾರಾಡಿದರು. ಕೊನೆಗೆ ತೀರ್ಪು ಕೊಟ್ಟರು: "ನಿಮ್ಮಪ್ಪನ ಎಸ್ರಿದ್ರೆ ತಗಂಡೋಗು. ಇಲ್ದಿದ್ರೆ ಇನ್ಮೇಲೆ ಇದ್ರ ಸುದ್ದಿ ಎತ್ಬ್ಯಾಡ ಕಣಯ್ಯ."

ಜಗಳ ನೋಡಲು ಬಂದಿದ್ದ ಪಕ್ಕದ ಮನೆಯ ಜಯಮ್ಮ ತಮ್ಮ ಮನೆಯಿಂದಲೇ ಹುಣಸೆಹಣ್ಣು ತಂದರು. ಪಂಪು ಅಲ್ಲಾಡದಂತೆ ಹಿಡಿದುಕೊಂಡರು. ಕುಕ್ಕರುಗಾಲಲ್ಲಿ ಕೂತು ಉಜ್ಜಿದೆ. ಹಿತ್ತಾಳೆ ಮಿಂಚಿತು. ಚುಕ್ಕಿಗಳು ಕಂಡವು! ಗೆದ್ದೆ ಅಂದುಕೊಂಡು ಗಟ್ಟಿಯಾಗಿ ಓದಿದೆ: ಕೆಂಪಯ್ಯ.

ಯಾರೀ ಕೆಂಪಯ್ಯ?

"ನಮ್ ಮಾವ ಕಣಣ್ಣ" ಎಂದರು ಜಯಮ್ಮ. "ಸಾಯೋಗಂಟ ಇದನ್ನ ಉಡುಕ್ತಿದ್ರು."

ಆಮೇಲೆ ಭಾವ ಗಂಟಲು ಸರಿಮಾಡಿಕೊಂಡು, ಹೌದು, ಈಗ ಜ್ಞಾಪಕ ಬಂತು, ಈ ಪಂಪನ್ನು ತಂದಿಟ್ಟವರು ನಿಮ್ಮಪ್ಪನೇ ಎಂದರು. ಸಾಧ್ಯವೇ ಇಲ್ಲ, ಇದು ನಿಮ್ಮಪ್ಪನ ಕಾಲದಿಂದಲೂ ಇಲ್ಲೇ ಇದೆ ಎಂದೆ ನಾನು. ನನ್ನ ನೆನಪು ನಿಂತ ನಿಲುವಿನಲ್ಲೇ ಪಕ್ಷಾಂತರ ಮಾಡಿತ್ತು. ಅಪ್ಪನಿಗೆ ಸೈಕಲ್ ತುಳಿಯಲು ಬರುತ್ತಿತ್ತೇ ಎಂಬುದೇ ಈಗ ನನಗೆ ಅನುಮಾನ!

ಜಯಮ್ಮ ಪಂಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಅದನ್ನು ನನ್ನ ಮುಂದೆಯೇ ಇಟ್ಟರು.

"ತಳ ಅಂಗೇ ಬುಟ್ರಲ್ಲಣ್ಣ. ಅದ್ನೂ ಒಸಿ ಉಜ್ಕೊಡಿ."

ಹಲ್ಲು ಕಡಿಯುತ್ತ ಮತ್ತೆ ಕುಕ್ಕರುಗಾಲಲ್ಲಿ ಕೂತೆ. ಭಾವ ಒಳಗೆ ಹೋಗಿ, ಇನ್ನೊಂದು ಮುಷ್ಟಿ ಹುಣಸೆಹಣ್ಣು ತಂದು ನನ್ನ ಕೈಗಿಟ್ಟರು. ಅಕ್ಕನ ಮದುವೆಯಾದಂದಿನಿಂದ ಅವರು ನನಗೆ ಏನನ್ನೂ ಅಷ್ಟು ಪ್ರೀತಿಯಿಂದ ಕೊಟ್ಟಿರಲಿಲ್ಲ.