ಒತ್ತಿದರೂ ಬಾರದ ಒತ್ತು

ಗುರುಸಿದ್ದಮ್ಮನವರು ಬೊಟ್ಟಿಟ್ಟದ್ದು ಭಕ್ತಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಆಯುಧ ಪೂಜೆಯ ದಿನ ಭೀಮನಬೀಡಿನ ಬೆಳ್ಳಿಚುಕ್ಕಿ ಮಹಿಳಾ ಅರಿಶಿನ ಸಂಘದ ತಕ್ಕಡಿ, ಬೀರು, ಬೀಗ ಎಲ್ಲಕ್ಕೂ ಕುಂಕುಮವಿಟ್ಟ ಅಧ್ಯಕ್ಷೆ ಕೊನೆಗೆ ಕಂಪ್ಯೂಟರಿನ ಕೀಬೋರ್ಡಿನ ಮೇಲೆ ಬೆರಳಾಡಿಸಿದರು. ಅಷ್ಟು ಕೀಲಿಗಳಲ್ಲಿ ಎರಡರ ಮೇಲೆ ಮಾತ್ರ ಸಣ್ಣ ಉಬ್ಬುಗೀಟು ಬೆರಳಿಗೆ ಸಿಕ್ಕಿತು. "ನೋಡು, ಬೊಟ್ಟಿಡೋ ಜಾಗಾನೂ ಕಂಪ್ನಿಯೋರೇ ಗುರ್ತು ಮಾಡವ್ರೆ" ಎಂದು ಮೆಚ್ಚಿಕೊಂಡು, ನೀರಲ್ಲಿ ಕಲಸಿದ ಕುಂಕುಮವನ್ನು ಅದ್ದಿ ಅದ್ದಿ ಇಟ್ಟರು. ಹಬ್ಬದ ರಜೆ ಕಳೆದು ಮೂರನೇ ದಿನ ಕಚೇರಿಯ ಬಾಗಿಲು ತೆಗೆದಾಗ ಜೆ ಬದುಕಿತ್ತು, ಎಫ್ ಸತ್ತಿತ್ತು.

ಇಂಗ್ಲಿಷಿನವರಿಗೆ ಎಫ್ ಸತ್ತರೆ ಒಂದು ಅಕ್ಷರ ನಷ್ಟ. ಕನ್ನಡಕ್ಕೆ ಹಾಗಲ್ಲ. ಸಂಘದ ಕಂಪ್ಯೂಟರಿನಲ್ಲಿ ಆ ಕೀಲಿ ಒತ್ತಿದರೆ ಮಾತ್ರ ಅಕ್ಷರದ ಕೆಳಗೆ ಒತ್ತು ಹುಟ್ಟುತ್ತಿತ್ತು. ಗುಮಾಸ್ತ ನಾಗಯ್ಯ ಬೆಳಿಗ್ಗೆ ಎಂಟಕ್ಕೆ ಬಂದು ಸಭೆಯ ಚೀಟಿ ಹೊಡೆದು ಪ್ರಿಂಟ್ ತೆಗೆದರೆ ಕಾಗದದ ಮೇಲೆ ಬಂದದ್ದು 'ಅಧಯಕಷೆ ಗುರುಸಿದದಮಮ'. ಅದರ ಕೆಳಗೆ 'ಗುಮಾಸತ ನಾಗಯಯ'.

ಬೇರೆ ದಿನವಾಗಿದ್ದರೆ ನಾಗಯ್ಯ ನಕ್ಕುಬಿಡುತ್ತಿದ್ದ. ಇವತ್ತು ನಗುವ ಹಾಗಿರಲಿಲ್ಲ. ಹನ್ನೊಂದು ವರ್ಷದಿಂದ ಅವನು 'ತಾತ್ಕಾಲಿಕ' ಗುಮಾಸ್ತ. ಅವನನ್ನು ಖಾಯಂ ಮಾಡಲು ಸಭೆ ಕರೆದಾಗಲೆಲ್ಲ ಕೋರಂ ಆಗುವುದಿಲ್ಲ. ಇಪ್ಪತ್ತು ಸದಸ್ಯೆಯರು ಬೇಕಾದಲ್ಲಿ ಒಮ್ಮೆ ಏಳು ಜನ ಬಂದಿದ್ದರು, ಇನ್ನೊಮ್ಮೆ ನಾಲ್ಕು. ಇವತ್ತು ಸಂಜೆ ನಾಲ್ಕಕ್ಕೆ ಮೂರನೆಯ ಸಭೆ. ಇದೂ ಮುರಿದುಬಿದ್ದರೆ ಹುದ್ದೆಯೇ ರದ್ದೆಂದು ಸಂಘದ ನಿಯಮ. ಕೈಯಲ್ಲೇ ಬರೆಯೋಣವೆಂದರೆ, ನಾಗಯ್ಯನ ಕೈಬರಹ ಮರುದಿನ ಅವನಿಗೇ ಓದಲು ಬರುವುದಿಲ್ಲ.

ಪಕ್ಕದ ಹೋಟೆಲಿನ ನಂಜುಂಡಪ್ಪ ಟೀ ಲೋಟ ಹಿಡಿದುಕೊಂಡೇ ಒಳಗೆ ಬಂದ. ಊರಲ್ಲಿ ಯಾರ ಮನೆಯ ಪಂಪು ಕೆಟ್ಟರೂ, ಯಾರ ಮದುವೆ ಕೆಟ್ಟರೂ ಮೊದಲು ಕೈ ಹಾಕುವವನು ಅವನೇ.

"ಅಲ್ಲ ಕಣ್ಲಾ, ಇದಕ್ಕೆ ತಂತೀನೇ ಇಲ್ಲ. ಅಕ್ಸರ ಇಲ್ಲಿಂದ ಅಲ್ಲಿಗೆ ಗಾಳೀಲಿ ತಾನೇ ಓಗೋದು? ಒತ್ತು ಅಂದ್ರೆ ಕೆಳೀಕೆ ನೇತಾಡ್ಕಂಡಿರದು. ದಾರೀಲಿ ಉದುರೋಯ್ತಾವೆ, ಅಷ್ಟೇಯ. ಟೀವಿಗೆ ಅಂಟಿಸ್ಕಂಡು ಒತ್ತು, ನೋಡನ."

ಕೆಟ್ಟ ಹೊತ್ತಿನಲ್ಲಿ ಬುದ್ಧಿಯೂ ಕೈಕೊಡುತ್ತದೆ. ನಾಗಯ್ಯ ಕೀಬೋರ್ಡನ್ನು ಪರದೆಗೆ ತಾಗಿಸಿಕೊಂಡೂ ಒತ್ತಿ ನೋಡಿದ. ನಂಜುಂಡಪ್ಪ ಅದರ ಬ್ಯಾಟರಿ ಕಳಚಿ ಅರ್ಧ ಗಂಟೆ ಬಿಸಿಲಿಗಿಟ್ಟ. ಏನೂ ಆಗಲಿಲ್ಲ.

ಅಷ್ಟರಲ್ಲಿ ಗುರುಸಿದ್ದಮ್ಮ ಬಂದು ಕಾಗದ ನೋಡಿದರು. "ನನ್ನೆಸ್ರಿನ ಒತ್ತೆಲ್ಲ ಎಲ್ಲೋಯ್ತು?"

"ನೀವು ಬೊಟ್ಟಿಟ್ಟಿದ್ರಲ್ಲವ್ವಾ, ಅದರ ಕೆಳೀಕೆ ಓಯ್ತು."

"ದೇವರ ಮ್ಯಾಲೆ ಆಕ್‌ಬ್ಯಾಡ ಕಣಪ್ಪ. ಚಾಮರಾಜನಗರಕ್ಕೆ ಓಗಿ ಒಸದು ತಕ್ಕಬಾ. ಅಸ ಕಟ್ಟೋ ಅಗ್ಗದಂಗೆ ತಂತಿ ಇರದ್ನ ಮಾತ್ರ ತರಬ್ಯಾಡ, ಅಂದ ಕೆಡ್ತದೆ. ಓಗೋಕ್ ಮುಂಚೆ ಎಂಗಾರ ಮಾಡಿ ಚೀಟಿ ಅಂಟ್ಸು. ಕೋರಂ ಆಗ್ನಿಲ್ಲ ಅಂದ್ರೆ ನಿನ್ ಗತಿ ನಿಂಗೇ ಗೊತ್ತು."

ಅವರ ಅಂದದ ಚಿಂತೆಗೂ ಕಾರಣವಿತ್ತು. ಬೆಂಗಳೂರಿನ ದಾನಿಗಳು ಕೊಟ್ಟ ಕಂಪ್ಯೂಟರ್ ಅದು, ಆಲ್ ಇನ್ ಒನ್. ಟೀವಿಯಂಥ ಒಂದೇ ಹಲಗೆಯಲ್ಲಿ ಎಲ್ಲ ಅಡಗಿದೆ. ಬಂದ ಹೊಸತರಲ್ಲಿ "ಕೆಳಗಡೆ ಡಬ್ಬ ಎಲ್ಲಿ, ನಾಗಯ್ಯ ಮಾರ್ಕಂಡ್ನಾ?" ಎಂದು ಊರೆಲ್ಲ ಗುಲ್ಲೆದ್ದು, ಪಾಪದವನು ಮಾರಮ್ಮನ ಗುಡಿಯಲ್ಲಿ ಕರ್ಪೂರ ಹಚ್ಚಿ ಆಣೆ ಮಾಡಬೇಕಾಗಿತ್ತು.

ನಾಗಯ್ಯ ತಲೆಯ ಮೇಲೆ ಕೈಹೊತ್ತು ಕುಳಿತ. 'ತತ್ಸಂಬಂಧ', 'ಪ್ರಸ್ತಾವಿತ', 'ಸರ್ವಸದಸ್ಯರ ಅವಗಾಹನೆಗೆ' ಎಂದೆಲ್ಲ ಬರೆಯುವುದರಲ್ಲಿ ಅವನು ಎತ್ತಿದ ಕೈ. ಈಗ ಒತ್ತಿಲ್ಲದ ಮಾತಿನಲ್ಲೇ ಸಭೆ ಕರೆಯಬೇಕು. 'ಸದಸ್ಯೆ' ಇಲ್ಲ, 'ಎಲ್ಲರೂ ಬನ್ನಿ' ಇಲ್ಲ. ಅಧ್ಯಕ್ಷೆಯೂ ಇಲ್ಲ, ಗುಮಾಸ್ತನೂ ಇಲ್ಲ. ಸಭೆಗೆ ಬಂದವರಿಗೆ ಕೊಡುವ ಉಪ್ಪಿಟ್ಟೂ ಇಲ್ಲ. ಒಂದು ಗಂಟೆ ಬೆವರಿ ಕೊನೆಗೆ ಹೀಗೆ ಹೊಡೆದ:

'ತಾಯಂದಿರೇ, ಇಂದು ಸಂಜೆ ನಾಕು ಗಂಟೆಗೆ ಸಂಘದ ಸಭೆ ಇದೆ. ಮಾತು ಮೂರು. ಒಂದು, ಅರಿಶಿನ ಬೇಯಿಸಲು ಹೊಸ ಕಡಾಯಿ. ಎರಡು, ಗೋದಾಮಿನ ಸೋರುವ ಮಾಡು. ಮೂರು, ಬರಹಗಾರನ ಕೆಲಸ ಖಾಯಂ ಮಾಡುವ ವಿಚಾರ. ಬಿಸಿ ಬಿಸಿ ಕೇಸರಿಬಾತು ಕೊಡಲಾಗುವುದು. ಬೇಗ ಬರಬೇಕು. ಸಂಘದ ಹಿರಿಯಳು.'

ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಅದನ್ನು ಊರಿನ ಎಂಟು ಕಡೆ ಗೋಡೆಗೆ ಅಂಟಿಸಿ, ಹೆಂಡತಿ ಶಿವಮ್ಮನಿಗೆ ಹೇಳಲು ಮನೆಗೆ ಓಡಿದ. ಅವಳು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

"ಉಪ್ಪಿಟ್ಟು ಬ್ಯಾಡ ಕಣೆ, ಕೇಸರಿಬಾತ್ ಮಾಡು. ಉಪ್ಪಿಟ್ಟು ಅಂತ ಟೈಪಾಗಕುಲ್ಲ."

"ಟೈಪಾಗಕುಲ್ಲ ಅಂತ ಅಡುಗೆ ಬದ್ಲಾಯ್ಸೋರ ನಾ ಎಲ್ಲೂ ಕಂಡಿಲ್ಲ" ಎಂದಳು ಶಿವಮ್ಮ. ಆದರೂ ಗಂಡನ ಮುಖ ನೋಡಿ ಸಕ್ಕರೆ ಡಬ್ಬ ಇಳಿಸಿದಳು. ಹನ್ನೊಂದು ವರ್ಷ ಕಾದವಳು ಅವಳೂ ಹೌದು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸುವಾಗ ತಿರುಗಿ ನೋಡಿದರೆ ಹಿಂದೆ ನಂಜುಂಡಪ್ಪ. "ಒಬ್ಬನ ತಲೆಗಿಂತ ಇಬ್ಬರ ತಲೆ ವಾಸಿ ಕಣ್ಲಾ" ಎಂದು ಕಿಟಕಿ ಪಕ್ಕದ ಸೀಟು ಹಿಡಿದು, ಎಲೆಯಡಿಕೆ ಚೀಲ ಬಿಚ್ಚಿದ.

ಚಾಮರಾಜನಗರದ ಅಂಗಡಿಯಲ್ಲಿದ್ದ ಹುಡುಗಿ ರಮ್ಯ ಹಳೆಯ ಕೀಬೋರ್ಡು ನೋಡಿ, "ಇದಕ್ಕೇನು ಸರ್, ಮದುವೆ ಮಾಡಿದ್ರಾ?" ಎಂದಳು. ಆಮೇಲೆ ಹೊಸ ಪೆಟ್ಟಿಗೆಯೊಂದನ್ನು ತೆಗೆದು, ಹೆಬ್ಬೆರಳಿನ ಉಗುರಿನಷ್ಟು ಪುಟ್ಟದೊಂದು ಕಡ್ಡಿಯನ್ನು ಎತ್ತಿ ತೋರಿಸಿದಳು. "ಕೀಬೋರ್ಡು, ಮೌಸು ಎರಡನ್ನೂ ಬದಲಾಯಿಸಬೇಕು. ಈ ರಿಸೀವರನ್ನ ಕಂಪ್ಯೂಟರಿಗೆ ಚುಚ್ಚಿದ್ರೆ ಮಾತ್ರ ಅವು ಕೆಲಸ ಮಾಡೋದು. ಇದು ಕಳೆದ್ರೆ ಎರಡೂ ಬರೀ ಹಲಗೆ. ಹುಷಾರು."

ನಾಗಯ್ಯ ಪೆಟ್ಟಿಗೆಯನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಬೆಳಗಿನಿಂದ ಹೊಟ್ಟೆಗಿಲ್ಲ. ತೆರಕಣಾಂಬಿ ಬರುವಷ್ಟರಲ್ಲಿ ನಿದ್ದೆ ಎಳೆಯಿತು.

ಮೂರು ಗಂಟೆಗೆ ಕಚೇರಿಗೆ ಬಂದು ಪೆಟ್ಟಿಗೆ ಬಿಚ್ಚಿದರೆ ಕೀಬೋರ್ಡು ಇದೆ, ಮೌಸು ಇದೆ, ಕಡ್ಡಿ ಇಲ್ಲ! ಪೆಟ್ಟಿಗೆ ಕೊಡವಿದ, ಜೇಬು ಕೊಡವಿದ, ಪಂಚೆಯನ್ನೂ ಕೊಡವಿದ. ಮೂರೂವರೆಯಾಯಿತು. ಅಳುವುದೊಂದು ಬಾಕಿ.

ಬಾಗಿಲಲ್ಲಿ ನಂಜುಂಡಪ್ಪ ಸುಣ್ಣ ಹುಡುಕುತ್ತಾ ಎಲೆಯಡಿಕೆ ಚೀಲಕ್ಕೆ ಕೈ ಹಾಕಿ, "ಇದ್ಯಾಕ್ಲಾ, ಅಡಿಕೆ ಇಷ್ಟು ಗಟ್ಟಿ?" ಎಂದ. ಅಡಿಕೆಯಲ್ಲ, ರಿಸೀವರು! "ಓ, ನೀ ತೂಕಡಿಸ್ತಿದ್ದಲ್ಲ, ಬಿದ್ದೋದಾತು ಅಂತ ನಾನೇ ಭದ್ರ ಮಾಡ್ದೆ ಕಣ್ಲಾ. ಒಳ್ಳೇದು ಮಾಡಿದ್ರೂ ಯಾಕಂಗ್ ನೋಡೀಯೆ?"

ನಾಗಯ್ಯ ಬಯ್ಯಲಿಲ್ಲ, ಬಯ್ಯಲು ಹೊತ್ತಿರಲಿಲ್ಲ. ಸುಣ್ಣ ಒರೆಸಿ ಚುಚ್ಚಿದ. ಎಫ್ ಒತ್ತಿದ. ಒತ್ತು ಬಂತು! ಅವನ ಬೆರಳುಗಳು ಹಸಿದ ಮಕ್ಕಳಂತೆ ಕೀಲಿಗಳ ಮೇಲೆ ಬಿದ್ದವು. 'ಶ್ರೀಯುತ ನಾಗಯ್ಯನವರ ಸುದೀರ್ಘ ನಿಸ್ಸ್ವಾರ್ಥ ಸೇವೆಯನ್ನು ಪುರಸ್ಕರಿಸಿ, ಸರ್ವಾನುಮತದಿಂದ...' ಒಂದು ಪುಟದ ಠರಾವಿನಲ್ಲಿ ಒತ್ತಿಲ್ಲದ ಪದ ಹುಡುಕಿದರೂ ಸಿಗದಂತೆ ಬರೆದು, ಪ್ರಿಂಟ್ ತೆಗೆದು, ಎದೆಗೊತ್ತಿಕೊಂಡು ಸಭೆಯ ಅಂಗಳಕ್ಕೆ ಬಂದ.

ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಣಿಸಿದ. ಐವತ್ಮೂರು! ಅವನ ಕಣ್ಣು ತುಂಬಿತು. ಶಿವಮ್ಮ ಕೇಸರಿಬಾತಿನ ಪಾತ್ರೆ ತಬ್ಬಿಕೊಂಡು, "ಇಪ್ಪತ್ತು ಜನುಕ್ಕೆ ಮಾಡಿವ್ನಿ, ಏನ್ರೀ ಗತಿ?" ಎಂದಳು. ಕಡಾಯಿಯ ವಿಚಾರ ಐದು ನಿಮಿಷದಲ್ಲಿ ಮುಗಿಯಿತು. ಮಾಡಿನ ವಿಚಾರಕ್ಕೆ ಅರ್ಧ ಗಂಟೆ ಪ್ರಶ್ನೆಯ ಮೇಲೆ ಪ್ರಶ್ನೆ ಬಿತ್ತು. ಹಿಂದೆಂದೂ ಹೀಗೆ ಯಾರೂ ಬಾಯಿ ತೆರೆದಿರಲಿಲ್ಲ. ಮೂರನೆಯದಕ್ಕೆ ನಾಗಯ್ಯ ಗಂಟಲು ಸರಿಮಾಡಿಕೊಂಡು ಓದಲು ನಿಂತ.

"ನೀ ಓದ್‌ಬ್ಯಾಡ ಕಣಣ್ಣ, ಇತ್ತಗೆ ಕೊಡು" ಎಂದಳು ಮುಂದಿನ ಸಾಲಿನ ಮುದುಕಿ ಮೂಗಮ್ಮ. ಕಾಗದ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ, ಪಕ್ಕದ ಈರಮ್ಮನಿಗೆ ಕೊಟ್ಟಳು. ಈರಮ್ಮ ಮಂಗಮ್ಮನಿಗೆ ಕೊಟ್ಟಳು. ಕಾಗದ ಊರು ಸುತ್ತಿ ವಾಪಸ್ಸು ಬಂತು.

"ಇದು ಓದಕ್ಕಾಗಕುಲ್ಲ" ಎಂದಳು ಮೂಗಮ್ಮ. "ಬೆಳಿಗ್ಗೆ ಗ್ವಾಡೆ ಮ್ಯಾಲಿತ್ತಲ್ಲ, ಅದ ನಾವೇ ಓದ್ಕಂಡು ಬಂದೋ."

"ಕೇಸರಿಬಾತಿಗೆ ಬಂದೋರಲ್ವಾ?" ನಾಗಯ್ಯನ ಬಾಯಿಂದ ಜಾರಿತು.

"ಅದೂ ಓದ್ದೋ. ಅಕ್ಸರದ ಕ್ಲಾಸಲ್ಲಿ ಕಾಗುಣಿತ ಮುಗುದು, ಒತ್ತಿಗೆ ಬರೋ ಒತ್ಗೆ ಮೇಡಮ್ಮೋರ್ಗೆ ವರ್ಗ ಆಗೋಯ್ತು. ನಿನ್ ಕಾಗ್ದ ಯಾವತ್ತೂ ಒತ್ತೋ ಒತ್ತು. ಏನ್ ಬರ್ದಿದ್ದನೋ ಅಂತ ನಾವು ಬರ್ತಾನೇ ಇರ್ನಿಲ್ಲ. ಇವತ್ತು ಮೊದುಲ್ನೇ ಕಿತ ಅರ್ಥ ಆಯ್ತು, ಬಂದೋ. ಈಗ ಕೇಳು. ಓದಕ್ಕಾಗದೇ ಇರದುಕ್ಕೆ ನಾವಿನ್ನು ಎಬ್ಬೆಟ್ಟು ಒತ್ತಕುಲ್ಲ. ನಮಗೆ ಒತ್ತು ಬರೋಗಂಟ ಇದುಕ್ಕೂ ಒತ್ತಿಲ್ಲ."

ಐವತ್ಮೂರು ತಲೆಗಳೂ ಹೌದೆಂದವು. ನಾಗಯ್ಯ ಗುರುಸಿದ್ದಮ್ಮನ ಕಡೆ ದೀನನಾಗಿ ನೋಡಿದ. ಅವರು ಕೆಮ್ಮಿ, "ನನ್ನೆಸ್ರು ಒಂದು ಬಿಟ್ರೆ ನಂಗೂ ಅಂಗೇಯ ಕಣಪ್ಪ. ಇಷ್ಟು ದಿನ ನೀ ತೋರ್ಸಿದ್ ಕಡೆ ರುಜು ಮಾಡಿವ್ನಿ" ಎಂದರು. ಆಮೇಲೆ ಅಲ್ಲೇ ತೀರ್ಪೂ ಕೊಟ್ಟರು. ಹುದ್ದೆ ರದ್ದಿಲ್ಲ. ನಾಗಯ್ಯ ದಿನಾ ಸಂಜೆ ಎಲ್ಲರಿಗೂ ಒತ್ತಕ್ಷರ ಕಲಿಸಬೇಕು. 'ನಾಗಯ್ಯ' ಎನ್ನುವ ಹೆಸರನ್ನು ಸಭೆಯೇ ಓದಿದ ದಿನ ಅವನು ಖಾಯಂ.

ಒಂದೇ ಒತ್ತು! ನಾಗಯ್ಯನ ಮುಖ ಅರಳಿತು. ಗೋದಾಮಿನ ಕರಿಹಲಗೆ ತಂದು ಸೀಮೆಸುಣ್ಣ ಹಿಡಿದು 'ಯ' ಬರೆಯಲು ಕೈಯೆತ್ತಿದ.

"ಮೊದಲು ಅಮ್ಮ ಬರಿ. ಎಲ್ಲಾ ಅಲ್ಲಿಂದ ಸುರು ತಾನೇ?" ಎಂದಳು ಮೂಗಮ್ಮ.

ನ್ಯಾಯದ ಮಾತು. ನಿಧಾನವಾಗಿ, ದಪ್ಪ ಅಕ್ಷರದಲ್ಲಿ 'ಅಮ' ಬರೆದು ಮ ಕೆಳಗೆ ಒತ್ತು ಕೊಟ್ಟ. ಐವತ್ಮೂರು ಕೊರಳು "ಅಮ್ಮ" ಎಂದವು. ಅದರ ಪಕ್ಕದಲ್ಲಿ ಅವನು ಸುಮ್ಮನೆ 'ಮೂಗಮ್ಮ' ಎಂದು ಬರೆದ.

ಮುದುಕಿ ಒಂದೊಂದೇ ಅಕ್ಷರ ಕೂಡಿಸಿದಳು. ಎದ್ದು ಬಂದು ಹಲಗೆ ಮುಟ್ಟಿದಳು. "ಇದು ನಾನಾ?"

"ನೀನೇ ಕಣಕ್ಕ."

ಮುಂದಿನ ಅರ್ಧ ಗಂಟೆ ಅಂಗಳದಲ್ಲಿ ಜಾತ್ರೆ. ಈರಮ್ಮ, ಮಂಗಮ್ಮ, ಶಿವಮ್ಮ, ಒಬ್ಬೊಬ್ಬರೂ ಹಲಗೆಯ ಮೇಲೆ ತಮ್ಮನ್ನು ತಾವು ಓದಿಕೊಂಡರು. ಕೆಲವರು ನಕ್ಕರು, ಕೆಲವರು ಸೆರಗಿನಿಂದ ಕಣ್ಣೊರೆಸಿದರು. ತಮ್ಮ ಹೆಸರಿನಲ್ಲಿ ಎಲ್ಲರಿಗಿಂತ ಒಂದು ಒತ್ತು ಹೆಚ್ಚಿಗೆ ಇದೆಯೆಂದು ಗುರುಸಿದ್ದಮ್ಮ ಬೀಗಿದರು. ನಾಗಯ್ಯನೂ ತನ್ನ ಕೆಲಸವನ್ನೇ ಮರೆತು, ಕೈತುಂಬ ಸುಣ್ಣ ಮಾಡಿಕೊಂಡು ಹಿಗ್ಗಿದ. ಅವನ ಸೇವೆಯಲ್ಲಿ ಇಂಥ ಸಂಜೆ ಒಂದೂ ಬಂದಿರಲಿಲ್ಲ.

ನೆನಪಾದಾಗ ದಡಬಡ ಹಲಗೆ ಒರೆಸಿ, "ಈಗ ಯ್ಯ! ಒಂದೇ ಒಂದು, ಎರಡು ನಿಮಿಷ!" ಎಂದು ತಿರುಗಿದ. ಅಂಗಳದ ಅರ್ಧ ಆಗಲೇ ಖಾಲಿ. ಉಳಿದವರು ಚಪ್ಪಲಿ ಮೆಟ್ಟುತ್ತಿದ್ದರು.

"ಆಲು ಕರ್ಯೋ ಒತ್ತಾಯ್ತು ಕಣಣ್ಣ" ಎಂದಳು ಮೂಗಮ್ಮ. "ನಮ್ಮೆಸ್ರು ಬಂತಲ್ಲ, ಇವತ್ಗೆ ಸಾಕು. ನಿನ್ನೆಸ್ರುಗೇನು ಆತ್ರ? ನೀನು ಎಂಗಿದ್ರೂ ಖಾಯಮ್ಮಾಗಿ ಇಲ್ಲೇ ಇರೋನಲ್ವಾ?"